ಅಮ್ಮನ ಲಿವರ್, ಕಂದನ ಬದುಕು: ಕಸಿ ಆದಮೇಲೆ ಏನಾಗುತ್ತೆ?

ಯೂಟ್ಯೂಬ್‌ನಲ್ಲಿ ಲೆಕ್ಚರ್ ವಿಡಿಯೋ ಹಾಕಿದ್ರೆ ಮೊದಲು ಒಂದು ಜಾಹೀರಾತು ಬರುತ್ತಲ್ಲ, ನೀವೂ ನೋಡಿರ್ತೀರಿ. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿಕೊಂಡಿರೋ ಒಂದು ಪುಟ್ಟ ಮಗು. ಪಕ್ಕದಲ್ಲಿ ಅಳ್ತಾ ಕೂತಿರೋ ಅಮ್ಮ. ಲಿವರ್ ಕೊಡೋಕೆ ಅವರು ರೆಡಿ ಇದ್ದಾರೆ, ಆಪರೇಷನ್‌ಗೆ ದುಡ್ಡಿಲ್ಲ. ಐದು ಸೆಕೆಂಡ್ ಆಗೋದೇ ತಡ, ನಮ್ಮ ಬೆರಳು ಸ್ಕಿಪ್ ಬಟನ್ ಒತ್ತಿರುತ್ತೆ.

ಒಂದು ಸಂಜೆ ನಮ್ಮ ಕನ್ನಡ ಸಂಘದ ಗೆಳೆಯರೆಲ್ಲ ಕೂತಿದ್ದಾಗ ಇಂಥದ್ದೇ ಜಾಹೀರಾತು ಬಂತು. "ಅಲ್ಲ, ಲಿವರ್ ಕೊಟ್ಟ ಅಮ್ಮನ ಗತಿ ಏನು? ಕಸಿ ಆದ ಮಗು ಎಷ್ಟು ವರ್ಷ ಬದುಕುತ್ತೆ?" ಅಂತ ಒಬ್ಬರು ಕೇಳಿದ್ರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾವು ಡಾಕ್ಟರ್‌ಗಳಲ್ಲ, ಆದ್ರೆ ಗ್ರಾಫ್ ಓದೋಕೆ ಬರುತ್ತೆ. ಹಾಗಾಗಿ ಓದಿದ್ವಿ. ಫಲಿತಾಂಶ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಚೆನ್ನಾಗಿದೆ. ಆದರೆ ಆ ಗ್ರಾಫ್‌ನಲ್ಲಿ ಕೆಲವರು ಕಾಣಿಸೋದೇ ಇಲ್ಲ ಅನ್ನೋದೂ ಓದ್ತಾ ಓದ್ತಾ ಗೊತ್ತಾಯ್ತು. ಈ ಲೇಖನ ಎರಡರ ಬಗ್ಗೆಯೂ.

ಅಷ್ಟು ಚಿಕ್ಕ ಮಗುವಿಗೆ ಲಿವರ್ ಯಾಕೆ ಕೆಡುತ್ತೆ?

ಲಿವರ್‌ಗೆ ಪುಸ್ತಕದ ಕನ್ನಡದಲ್ಲಿ ಯಕೃತ್ತು ಅಥವಾ ಪಿತ್ತಜನಕಾಂಗ ಅಂತಾರೆ. ಎರಡನೇ ಹೆಸರಲ್ಲೇ ಅದರ ಒಂದು ಮುಖ್ಯ ಕೆಲಸ ಇದೆ: ಪಿತ್ತರಸ ತಯಾರಿಸೋದು. ಈ ಪಿತ್ತರಸ ಪಿತ್ತನಾಳಗಳ ಮೂಲಕ ಕರುಳಿಗೆ ಇಳಿಯುತ್ತೆ. ಮಲಕ್ಕೆ ಹಳದಿ, ಕಂದು ಬಣ್ಣ ಬರೋದು ಇದರಿಂದಲೇ.

ಕೆಲವು ಶಿಶುಗಳಲ್ಲಿ ಹುಟ್ಟಿದ ಮೊದಲ ವಾರಗಳಲ್ಲೇ ಈ ನಾಳಗಳು ಮುಚ್ಚಿಹೋಗುತ್ತವೆ. ಇದರ ಹೆಸರು ಬಿಲಿಯರಿ ಅಟ್ರೀಸಿಯಾ. ಸುಮಾರು 10,000ದಿಂದ 20,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಹೀಗಾಗುತ್ತೆ. ಡ್ರೈನೇಜ್ ಕಟ್ಟಿಕೊಂಡ ಮನೆಯ ಹಾಗೆ, ಪಿತ್ತರಸ ಹೊರಗೆ ಹೋಗೋಕಾಗದೆ ಲಿವರ್ ಒಳಗೇ ನಿಂತು ಅದನ್ನೇ ಹಾಳು ಮಾಡುತ್ತೆ. ಮಕ್ಕಳ ಲಿವರ್ ಕಸಿಗೆ ಪ್ರಪಂಚದಲ್ಲಿ ಅತಿ ಸಾಮಾನ್ಯ ಕಾರಣ ಇದೇ. ಇದು ಬಾಣಂತಿ ಪಥ್ಯ ತಪ್ಪಿದ್ದರಿಂದ ಬರೋ ಕಾಯಿಲೆ ಅಲ್ಲ, ದಯವಿಟ್ಟು ಯಾರೂ ತಾಯಿಯನ್ನ ದೂರಬೇಡಿ.

ಜಪಾನಿನ ಮೊರಿಯೊ ಕಸಾಯಿ ಎಂಬ ಸರ್ಜನ್ 1950ರ ದಶಕದಲ್ಲಿ ಇದಕ್ಕೊಂದು ಆಪರೇಷನ್ ಕಂಡುಹಿಡಿದರು. ಮುಚ್ಚಿಹೋದ ನಾಳ ತೆಗೆದು, ಕರುಳಿನ ಒಂದು ಭಾಗವನ್ನೇ ತಂದು ಲಿವರ್‌ನ ಅಡಿಗೆ ಜೋಡಿಸೋದು. ಮಗುವಿಗೆ 60 ದಿನ ತುಂಬೋದರೊಳಗೆ ಮಾಡಿದರೆ ಪಿತ್ತರಸ ಹರಿಯೋ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಡಿಮೆ. ಸರಿಯಾಗಿ ಆದ ಮಕ್ಕಳಲ್ಲೂ ಅನೇಕರಿಗೆ ಮುಂದೆ ಕಸಿ ಬೇಕಾಗುತ್ತೆ, ಆದರೆ ಅಷ್ಟರೊಳಗೆ ಮಗು ಸ್ವಲ್ಪ ಬೆಳೆದಿರುತ್ತೆ. ಕಸಾಯಿ ಆಪರೇಷನ್ನೂ ಇಲ್ಲ, ಕಸಿಯೂ ಇಲ್ಲ ಅಂದರೆ ಬಹುತೇಕ ಮಕ್ಕಳು ಎರಡು ವರ್ಷ ದಾಟೋದಿಲ್ಲ.

ಅಮ್ಮನ ಲಿವರೇ ಯಾಕೆ?

ಮನುಷ್ಯರಲ್ಲಿ ಲಿವರ್ ಕಸಿಯ ಮೊದಲ ಪ್ರಯತ್ನ ನಡೆದಿದ್ದು 1963ರ ಮಾರ್ಚ್ 1ರಂದು, ಅಮೆರಿಕಾದ ಡೆನ್ವರ್‌ನಲ್ಲಿ. ಮಾಡಿದವರು ಥಾಮಸ್ ಸ್ಟಾರ್ಜ್ಲ್. ರೋಗಿ ಮೂರು ವರ್ಷದ ಮಗು, ಕಾಯಿಲೆ ಇದೇ ಬಿಲಿಯರಿ ಅಟ್ರೀಸಿಯಾ. ರಕ್ತಸ್ರಾವ ನಿಲ್ಲದೆ ಆ ಮಗು ಆಪರೇಷನ್ ಟೇಬಲ್ ಮೇಲೇ ತೀರಿಕೊಂಡಿತು. ಮುಂದಿನ ಸುಮಾರು ಎರಡು ದಶಕ ಪರಿಸ್ಥಿತಿ ದೊಡ್ಡದಾಗಿ ಸುಧಾರಿಸಲಿಲ್ಲ. 1980ರ ಹೊತ್ತಿಗೆ ಸೈಕ್ಲೋಸ್ಪೊರಿನ್ ಅನ್ನೋ ಔಷಧಿ ಬಂದ ಮೇಲೆ, ಬೇರೆಯವರ ಅಂಗವನ್ನ ನಮ್ಮ ದೇಹ ತಿರಸ್ಕರಿಸೋದನ್ನ ಹತೋಟಿಗೆ ತರೋಕೆ ಸಾಧ್ಯವಾಯ್ತು.

ಆಗ ಹೊಸ ಸಮಸ್ಯೆ. ಮಿದುಳು ನಿಷ್ಕ್ರಿಯವಾದ ದಾನಿಗಳಲ್ಲಿ ಹೆಚ್ಚಿನವರು ದೊಡ್ಡವರು. ದೊಡ್ಡವರ ಇಡೀ ಲಿವರ್ ಮಗುವಿನ ಹೊಟ್ಟೆಯಲ್ಲಿ ಹಿಡಿಸೋದಿಲ್ಲ. ಸರಿಯಾದ ಅಳತೆಯ ಲಿವರ್‌ಗೆ ಕಾಯ್ತಾ ಕಾಯ್ತಾನೇ ಮಕ್ಕಳು ಸಾಯ್ತಿದ್ರು. ಹಾಗಾದರೆ ದೊಡ್ಡವರ ಲಿವರ್‌ನ ಒಂದು ತುಂಡು ಸಾಕಲ್ಲ? ಆ ತುಂಡನ್ನ ಬದುಕಿರೋ ಅಪ್ಪನಿಂದಲೋ ಅಮ್ಮನಿಂದಲೋ ತಗೋಬಹುದಲ್ಲ?

1988ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಸಿಲ್ವಾನೊ ರಾಯಿಯಾ ಇದನ್ನ ಮೊದಲ ಸಲ ಪ್ರಯತ್ನಿಸಿದರು. ಮಗು ಉಳಿಯಲಿಲ್ಲ. 1989ರ ಜುಲೈನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಸೆಲ್ ಸ್ಟ್ರಾಂಗ್ ಅವರ ತಂಡ ಜಪಾನಿನಿಂದ ಬಂದಿದ್ದ ತಾಯಿಯ ಲಿವರ್‌ನ ಭಾಗವನ್ನ ಅವರ ಪುಟ್ಟ ಮಗನಿಗೆ ಜೋಡಿಸಿತು. ಮೊದಲ ಯಶಸ್ಸು ಅದು. ಅದೇ ವರ್ಷ ನವೆಂಬರ್‌ನಲ್ಲಿ ಶಿಕಾಗೋದಲ್ಲಿ ಕ್ರಿಸ್ಟಾಫ್ ಬ್ರೋಲ್ಶ್ ಅವರ ತಂಡವೂ ಇದನ್ನ ಮಾಡಿತು. ಆ ತಂಡ ಮೊದಲು "ಆರೋಗ್ಯವಾಗಿರೋ ವ್ಯಕ್ತಿಯನ್ನ ಕೊಯ್ಯೋದು ನ್ಯಾಯವೇ?" ಅನ್ನೋ ಪ್ರಶ್ನೆಯನ್ನ ಬಹಿರಂಗವಾಗಿ ಚರ್ಚಿಸಿ, ಆಮೇಲೆ ಚಾಕು ಹಿಡಿಯಿತು.

ಭಾರತದಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದಿದ್ದು 1994ರಲ್ಲಿ. 1998ರಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ, ತಮಿಳುನಾಡಿನ ಕಾಂಚೀಪುರದ ಎರಡು ವರ್ಷವೂ ತುಂಬದ ಗಂಡು ಮಗುವಿಗೆ ಅವನ ಅಪ್ಪ ಲಿವರ್ ಕೊಟ್ಟರು. ದೇಶದ ಮೊದಲ ಯಶಸ್ವಿ ಲಿವರ್ ಕಸಿ ಅದೇ. ಆ ಹುಡುಗ ಮುಂದೆ ಎಂಬಿಬಿಎಸ್ ಓದಿ ಡಾಕ್ಟರ್ ಆದ.

ಎಷ್ಟು ಕೊಯ್ಯಬೇಕು ಅನ್ನೋ ಲೆಕ್ಕ

ಇಲ್ಲಿಂದ ನಮ್ಮ ಏರಿಯಾ. ಕ್ಲಾಡ್ ಕ್ವಿನೋ ಎಂಬ ಫ್ರೆಂಚ್ ಸರ್ಜನ್ 1950ರ ದಶಕದಲ್ಲಿ ಲಿವರ್ ಅನ್ನ ಎಂಟು ಸೆಗ್ಮೆಂಟ್‌ಗಳಾಗಿ ವಿಂಗಡಿಸಿದರು. ಹೊರಗಿಂದ ನೋಡಿದರೆ ಒಂದೇ ಮುದ್ದೆ. ಒಳಗೆ ಮಾತ್ರ ಪ್ರತಿ ಸೆಗ್ಮೆಂಟ್‌ಗೂ ಬೇರೆಯದೇ ರಕ್ತ ಸಪ್ಲೈ, ಬೇರೆಯದೇ ಪಿತ್ತನಾಳ. ಒಂಥರಾ ಮಾಡ್ಯುಲರ್ ಡಿಸೈನ್. ಹಾಗಾಗಿಯೇ ಒಂದು ಭಾಗ ಬೇರ್ಪಡಿಸಿದರೂ ಎರಡೂ ಕೆಲಸ ಮಾಡುತ್ತವೆ.

ಶಿಶುಗಳಿಗೆ ಸಾಮಾನ್ಯವಾಗಿ ತೆಗೆಯೋದು ಎಡತುದಿಯ 2 ಮತ್ತು 3ನೇ ಸೆಗ್ಮೆಂಟ್. ಇದು ದಾನಿಯ ಲಿವರ್‌ನ ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ತೂಕ ಸುಮಾರು 200ರಿಂದ 300 ಗ್ರಾಂ. ಮೊದಲೇ ಸಿಟಿ ಸ್ಕ್ಯಾನ್ ಮಾಡಿ, ಪ್ರತಿ ಸ್ಲೈಸ್‌ನಲ್ಲಿ ಆ ಭಾಗದ ವಿಸ್ತೀರ್ಣ ಅಳೆದು, ದಪ್ಪದಿಂದ ಗುಣಿಸಿ ಕೂಡಿಸ್ತಾರೆ. ನಾವು ಇಂಟಿಗ್ರೇಷನ್ ಅಂತ ಪರೀಕ್ಷೆಗೆ ಬರೆಯೋದು ಇದನ್ನೇ.

ಸಾಕೋ ಇಲ್ಲವೋ ಅಂತ ನೋಡೋಕೆ ಒಂದು ಅನುಪಾತ ಇದೆ: ತುಂಡಿನ ತೂಕವನ್ನ ಪಡೆಯುವವರ ದೇಹದ ತೂಕದಿಂದ ಭಾಗಿಸೋದು. ಸಾಮಾನ್ಯವಾಗಿ ಕನಿಷ್ಠ 0.8% ಬೇಕು ಅಂತಾರೆ. ಒಂದು ಉದಾಹರಣೆ ಲೆಕ್ಕ ಹಾಕೋಣ. 60 ಕೆಜಿ ತೂಕದ ದೊಡ್ಡವರಿಗೆ ಕನಿಷ್ಠ 480 ಗ್ರಾಂ ಬೇಕು. ಅಷ್ಟಕ್ಕೆ ದಾನಿಯ ಬಲಭಾಗವನ್ನೇ, ಅಂದರೆ ಲಿವರ್‌ನ ಅರ್ಧಕ್ಕಿಂತ ಹೆಚ್ಚನ್ನ ತೆಗೀಬೇಕಾಗುತ್ತೆ. ಅದೇ 8 ಕೆಜಿ ಮಗುವಿಗೆ 240 ಗ್ರಾಂ ಸಿಕ್ಕರೆ 3% ಆಯ್ತು, ಸಾಕೋ ಸಾಕು. ತೀರಾ ಚಿಕ್ಕ ಮಗುವಾದರೆ ಉಲ್ಟಾ ತೊಂದರೆ: 4% ದಾಟಿದರೆ ತುಂಡೇ ದೊಡ್ಡದಾಗಿ ಹೊಟ್ಟೆ ಮುಚ್ಚೋಕಾಗಲ್ಲ, ಅದನ್ನ ಇನ್ನಷ್ಟು ಚಿಕ್ಕದು ಮಾಡಬೇಕು.

ನಿಜವಾದ ಕಷ್ಟ ಇರೋದು ಪೈಪ್ ಜೋಡಣೆಯಲ್ಲಿ. ಮಗುವಿನ ಲಿವರ್‌ಗೆ ಹೋಗೋ ಅಪಧಮನಿಯ ಅಗಲ ಬರೀ 2-3 ಮಿಲಿಮೀಟರ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಪಾಯ್ಸೈ ಸೂತ್ರ ನೆನಪಿದೆಯಾ? ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. ಹೊಲಿಗೆ ಸ್ವಲ್ಪ ಬಿಗಿಯಾದರೂ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು, ಹಾಗಾದರೆ ಹೊಸ ಲಿವರ್ ಕೈಕೊಡುತ್ತೆ. ಅದಕ್ಕೇ ಮೈಕ್ರೋಸ್ಕೋಪ್ ಇಟ್ಟುಕೊಂಡು ಹೊಲಿಯೋ ಪದ್ಧತಿ ಬಂತು. ಆಪರೇಷನ್ ಆದ ಮೊದಲ ದಿನಗಳಲ್ಲಿ ಡಾಪ್ಲರ್ ಅಲ್ಟ್ರಾಸೌಂಡ್ ಹಿಡಿದು ರಕ್ತ ಹರೀತಿದೆಯಾ ಅಂತ ಮತ್ತೆ ಮತ್ತೆ ನೋಡ್ತಾರೆ.

ಈಗ ಗ್ರಾಫ್ ನೋಡೋಣ

ಈ ವಿಷಯದಲ್ಲಿ ಅತಿ ದೊಡ್ಡ ದಾಖಲೆಗಳಲ್ಲೊಂದು ಜಪಾನಿನದು. ಅಲ್ಲಿ ಮಿದುಳು ಸಾವಿನ ನಂತರದ ಅಂಗದಾನಕ್ಕೆ ಕಾನೂನು ಬಂದಿದ್ದೇ 1997ರಲ್ಲಿ, ಅದೂ ತುಂಬಾ ಬಿಗಿಯಾಗಿತ್ತು. ಹಾಗಾಗಿ ಅಪ್ಪ ಅಮ್ಮಂದಿರೇ ದಾನಿಗಳಾದರು. 1989ರ ನವೆಂಬರ್‌ನಿಂದ 2010ರ ಡಿಸೆಂಬರ್‌ವರೆಗೆ ಅಲ್ಲಿ 18 ವರ್ಷದೊಳಗಿನ 2,224 ಮಕ್ಕಳಿಗೆ ಜೀವಂತ ದಾನಿಗಳಿಂದ ಕಸಿ ಆಯ್ತು. 2013ರಲ್ಲಿ ಪ್ರಕಟವಾದ ಆ ದಾಖಲೆಯ ಪ್ರಕಾರ, ಬದುಕುಳಿದವರು ಇಷ್ಟು:

1 ವರ್ಷಕ್ಕೆ: 88.3%
5 ವರ್ಷಕ್ಕೆ: 85.4%
10 ವರ್ಷಕ್ಕೆ: 82.8%
20 ವರ್ಷಕ್ಕೆ: 79.6%

ಈ ನಾಲ್ಕು ಅಂಕಿಗಳನ್ನ ಒಂದರಿಂದ ಒಂದು ಕಳೆದು ನೋಡಿ. ನೂರು ಮಕ್ಕಳಲ್ಲಿ ಮೊದಲ ವರ್ಷವೇ ಸುಮಾರು 12 ಮಕ್ಕಳು ಹೋಗ್ತಾರೆ. ಮುಂದಿನ ನಾಲ್ಕು ವರ್ಷದಲ್ಲಿ 3. ಅದರ ಮುಂದಿನ ಐದು ವರ್ಷದಲ್ಲಿ ಇನ್ನೂ 3ಕ್ಕಿಂತ ಕಡಿಮೆ. ಆಮೇಲಿನ ಹತ್ತು ವರ್ಷ ಪೂರ್ತಿ ಸೇರಿಸಿದರೂ 3 ಚಿಲ್ಲರೆ. ರಿಲಯಬಿಲಿಟಿ ಪಾಠದಲ್ಲಿ ಬಾತ್‌ಟಬ್ ಕರ್ವ್ ಅಂತ ಬರುತ್ತಲ್ಲ, ಅದರ ಮೊದಲ ಭಾಗದ ಹಾಗೆಯೇ ಇದೆ: ಶುರುವಿನಲ್ಲಿ ಅಪಾಯ ಜಾಸ್ತಿ, ಆಮೇಲೆ ಸಮತಟ್ಟು. ಶುರುವಿನ ಅಪಾಯಕ್ಕೆ ಕಾರಣ ರಕ್ತನಾಳ ಕಟ್ಟಿಕೊಳ್ಳೋದು, ಪಿತ್ತರಸ ಸೋರಿಕೆ, ಸೋಂಕು, ಮತ್ತು ಆಪರೇಷನ್ ಹೊತ್ತಿಗೆ ಮಗು ಎಷ್ಟು ಸೊರಗಿತ್ತು ಅನ್ನೋದು. ಮೊದಲ ವರ್ಷ ದಾಟಿದ ಮಗು ಹೆಚ್ಚಾಗಿ ಶಾಲೆಗೆ ಹೋಗುತ್ತೆ, ಆಡುತ್ತೆ, ಬೆಳೆಯುತ್ತೆ. ಕಸಿ ಆಗದಿದ್ದರೆ ಎರಡು ವರ್ಷವೂ ಬದುಕದ ಮಕ್ಕಳ ಕಥೆ ಇದು ಅನ್ನೋದನ್ನ ನೆನಪಿಟ್ಟುಕೊಂಡು ಈ ಅಂಕಿ ಓದಬೇಕು. ಇವತ್ತು ಅನುಭವ ಇರೋ ಕೇಂದ್ರಗಳಲ್ಲಿ ಒಂದು ವರ್ಷದ ಅಂಕಿ 90% ದಾಟೋದು ಸಾಮಾನ್ಯ.

ಒಂದು ಎಚ್ಚರಿಕೆ. 2010ರಲ್ಲಿ ಕಸಿಯಾದ ಮಗುವಿಗೆ 2013ರಲ್ಲಿ 20 ವರ್ಷದ ಫಲಿತಾಂಶ ಇರೋಕೆ ಸಾಧ್ಯ ಇಲ್ಲ. ಒಬ್ಬೊಬ್ಬರನ್ನ ಎಷ್ಟು ಕಾಲ ಗಮನಿಸಿದ್ದಾರೋ ಅಷ್ಟನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳೋ ವಿಧಾನ ಇದು. ಹಾಗಾಗಿ 20 ವರ್ಷದ ಅಂಕಿಯ ಕೊನೆಯ ಭಾಗ ನಿಂತಿರೋದು 1990ರ ಸುಮಾರಿಗೆ, ತಂತ್ರ ಇನ್ನೂ ಹೊಸದಾಗಿದ್ದಾಗ ಕಸಿಯಾದ ಕೆಲವೇ ಮಕ್ಕಳ ಮೇಲೆ.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಈ ಗ್ರಾಫ್ ಶುರುವಾಗೋದೇ ಆಪರೇಷನ್ ದಿನದಿಂದ. ಕಾಯಿಲೆ ಗೊತ್ತಾಗೋ ಮೊದಲೇ, ದುಡ್ಡು ಹೊಂದಿಸೋ ಮೊದಲೇ ಹೋದ ಮಗು ಇದರಲ್ಲಿ ಇಲ್ಲ. ಲಿವರ್ ಕೊಟ್ಟ ಅಮ್ಮನೂ ಇದರಲ್ಲಿ ಇಲ್ಲ.

ಗ್ರಾಫ್‌ನಲ್ಲಿ ಇಲ್ಲದ ಅಮ್ಮ

"ಲಿವರ್ ಮತ್ತೆ ಬೆಳೆಯುತ್ತೆ ಬಿಡಿ" ಅಂತ ಸುಲಭವಾಗಿ ಹೇಳ್ತೀವಿ. ಅರ್ಧ ನಿಜ. ಕೊಯ್ದ ತುಂಡು ಅದೇ ಜಾಗದಲ್ಲಿ ಚಿಗುರೋದಿಲ್ಲ. ಉಳಿದ ಭಾಗವೇ ದೊಡ್ಡದಾಗಿ, ಕೆಲವು ತಿಂಗಳಲ್ಲಿ ಕಳೆದುಕೊಂಡ ಗಾತ್ರದ ಹೆಚ್ಚಿನ ಪಾಲನ್ನ ತುಂಬಿಕೊಳ್ಳುತ್ತೆ. ದಾನಿ ಸುಮಾರು ಒಂದು ವಾರ ಆಸ್ಪತ್ರೆಯಲ್ಲಿರಬೇಕು. ಮನೆಗೆ ಬಂದ ಮೇಲೂ ಕೆಲವು ವಾರ ಭಾರ ಎತ್ತೋ ಹಾಗಿಲ್ಲ. ಕೊಡ ಹೊತ್ತು ನೀರು ತರೋ ಮನೆಯಲ್ಲಿ, ದಿನಗೂಲಿಯ ಮನೆಯಲ್ಲಿ ಇದು ಚಿಕ್ಕ ಮಾತಲ್ಲ.

ಅಪಾಯ ಸೊನ್ನೆಯೂ ಅಲ್ಲ. ಎಡತುದಿಯ ಭಾಗ ಕೊಟ್ಟವರಲ್ಲಿ ಸಾವಿನ ಸಾಧ್ಯತೆ ಸಾವಿರಕ್ಕೆ ಸುಮಾರು ಒಂದು ಅಂತ ಅಂದಾಜು. ದೊಡ್ಡವರಿಗಾಗಿ ಬಲಭಾಗ ಕೊಟ್ಟವರಲ್ಲಿ ಇದಕ್ಕಿಂತ ಹೆಚ್ಚು. ಪಿತ್ತರಸ ಸೋರಿಕೆ, ಸೋಂಕು, ಹೊಲಿಗೆ ಜಾಗದಲ್ಲಿ ಹರ್ನಿಯಾ ಇವೆಲ್ಲ ಸಾವಿಗಿಂತ ಎಷ್ಟೋ ಹೆಚ್ಚು ಸಲ ಆಗುತ್ತವೆ, ಬಹುಪಾಲು ವಾಸಿಯೂ ಆಗುತ್ತವೆ. ಸಾವಿರಕ್ಕೆ ಒಂದು ಕಡಿಮೆ ಅನ್ನಿಸಬಹುದು. ಆದರೆ ಮಗುವಿಗೆ ಬೇರೆ ದಾರಿ ಇಲ್ಲ, ದಾನಿಗೆ ಆಪರೇಷನ್ನೇ ಬೇಕಿಲ್ಲ. ಕಾಯಿಲೆಯೇ ಇಲ್ಲದವರನ್ನ ಟೇಬಲ್ ಮೇಲೆ ಮಲಗಿಸ್ತಿದ್ದೀವಿ.

ಅದಕ್ಕೇ ನಮ್ಮ ಕಾನೂನಿನಲ್ಲಿ ಕಟ್ಟುಪಾಡುಗಳಿವೆ. ದಾನಿಗೆ 18 ವರ್ಷ ತುಂಬಿರಬೇಕು. ಹತ್ತಿರದ ಸಂಬಂಧಿಗಳಿಗೆ ಮೊದಲ ಅವಕಾಶ, 2011ರ ತಿದ್ದುಪಡಿಯ ನಂತರ ಅಜ್ಜ ಅಜ್ಜಿಯರೂ ಆ ಪಟ್ಟಿಗೆ ಸೇರಿದ್ದಾರೆ. ಸಂಬಂಧಿಗಳಲ್ಲದವರು ಕೊಡಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಅಂಗ ಮಾರೋದು, ಕೊಳ್ಳೋದು ಅಪರಾಧ. ಒಳ್ಳೆಯ ಕೇಂದ್ರಗಳಲ್ಲಿ ದಾನಿಯ ಜೊತೆ ಮನೆಯವರಿಲ್ಲದೆ ಒಂಟಿಯಾಗಿ ಮಾತಾಡ್ತಾರೆ. "ನನಗೆ ಭಯ, ನನಗೆ ಬೇಡ" ಅಂತ ಹೇಳೋಕೆ ಅವಕಾಶ ಇರಬೇಕಲ್ಲ. ನಮ್ಮ ಮನೆಗಳಲ್ಲಿ ಸೊಸೆಯೊಬ್ಬಳು ಎಲ್ಲರೆದುರು ಹಾಗೆ ಹೇಳೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಗ್ರಾಫ್‌ಗೂ ಮುಂಚೆ: ಅಜ್ಜಿಯ ಕಣ್ಣು

ಹುಟ್ಟಿದ ಮಕ್ಕಳಿಗೆ ಕಾಮಾಲೆ ಬರೋದು ತುಂಬಾ ಸಾಮಾನ್ಯ. ಹೆಚ್ಚಿನ ಮಕ್ಕಳಲ್ಲಿ ಎರಡು ವಾರದೊಳಗೆ ತಾನಾಗಿಯೇ ಹೋಗುತ್ತೆ. ನಮ್ಮ ಕಡೆ ಮಗುವನ್ನ ಎಳೆ ಬಿಸಿಲಿಗೆ ಹಿಡೀತಾರೆ, "ಎಲ್ಲಾ ಮಕ್ಕಳಿಗೂ ಆಗುತ್ತೆ" ಅಂತಾರೆ. ತೊಂದರೆ ಇರೋದು ಎರಡು ವಾರ ದಾಟಿದ ಮೇಲೂ ಅದೇ ಮಾತು ಹೇಳಿದಾಗ. ಬಿಸಿಲು, ನಾಟಿ ಮದ್ದು ಅಂತ ಒಂದು ತಿಂಗಳು ಹೋದರೆ, ಆ 60 ದಿನದಲ್ಲಿ ಅರ್ಧ ಮುಗೀತು.

ಗಮನಿಸಬೇಕಾದ್ದು ಮೂರು. ಎರಡು ವಾರದ ನಂತರವೂ ಕಣ್ಣು ಹಳದಿ. ಬಟ್ಟೆಗೆ ಕಲೆ ಹಿಡಿಸೋ ಹಾಗೆ ಗಾಢ ಹಳದಿ ಮೂತ್ರ. ಮತ್ತು ಮಲ ಹಳದಿಯಾಗಿರದೆ ಸುಣ್ಣದ ಹಾಗೆ, ಬಿಳಿ ಜೇಡಿಮಣ್ಣಿನ ಹಾಗೆ ಪೇಲವವಾಗಿರೋದು. ಪಿತ್ತರಸ ಕರುಳಿಗೆ ಇಳೀತಿಲ್ಲ ಅಂತ ಮಗು ಕೊಡೋ ಸಿಗ್ನಲ್ ಅದು. ಮಕ್ಕಳ ಡಾಕ್ಟರ್ ಹತ್ರ ಅವತ್ತೇ ಹೋಗಬೇಕು. ತೈವಾನ್ 2004ರಿಂದ ದೇಶಾದ್ಯಂತ ತಾಯಂದಿರಿಗೆ ಮಲದ ಬಣ್ಣದ ಕಾರ್ಡ್ ಕೊಡ್ತಿದೆ. ಜಪಾನ್ 2012ರಿಂದ ತಾಯಿ-ಮಗುವಿನ ಕೈಪಿಡಿಯಲ್ಲೇ ಅದನ್ನ ಸೇರಿಸಿದೆ. ಕೆಲವು ಬಣ್ಣದ ಚಿತ್ರಗಳ ಒಂದು ಹಾಳೆ, ಅಷ್ಟೇ ಟೆಕ್ನಾಲಜಿ.

ನಮ್ಮಲ್ಲಿ ಬಾಣಂತನ ತವರಿನಲ್ಲಿ ಆಗುತ್ತೆ, ಮಗುವಿನ ಬಟ್ಟೆ ಬದಲಾಯಿಸೋದು ಹೆಚ್ಚಾಗಿ ಅಜ್ಜಿ. ಅಂದರೆ ಈ ಕಾಯಿಲೆಯನ್ನ ಮೊದಲು ನೋಡೋರು ಅವರೇ. ಅವರಿಗೆ ಹೇಳಿಕೊಟ್ಟವರು ಯಾರೂ ಇಲ್ಲ, ಅಷ್ಟೇ.

ಗ್ರಾಫ್‌ನ ಆ ತುದಿ: ನಮ್ಮ ವಯಸ್ಸು

ಕಸಿ ಆದ ಮಗು ದಿನಕ್ಕೆ ಎರಡು ಸಲ, ಸರಿಯಾದ ಟೈಮಿಗೆ ಮಾತ್ರೆ ತಗೋಬೇಕು. ಮುಖ್ಯವಾದದ್ದು ಟ್ಯಾಕ್ರೊಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಒಂದು ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದು ಇದು. ಪ್ರಮಾಣ ಕಡಿಮೆಯಾದರೆ ದೇಹ ಲಿವರ್ ಅನ್ನ ತಿರಸ್ಕರಿಸುತ್ತೆ. ಜಾಸ್ತಿಯಾದರೆ ಸೋಂಕು ಹತ್ತುತ್ತೆ, ಕಿಡ್ನಿಗೆ ಪೆಟ್ಟು, ಕೆಲವು ಮಕ್ಕಳಲ್ಲಿ ವೈರಸ್ ಸೋಂಕಿನ ಬೆನ್ನಿಗೆ ಒಂದು ಬಗೆಯ ಕ್ಯಾನ್ಸರ್ ಕೂಡ ಬರಬಹುದು. ಹಾಗಾಗಿ ಆಗಾಗ ರಕ್ತ ಪರೀಕ್ಷೆ ಮಾಡಿ ಡೋಸ್ ಹೊಂದಿಸ್ತಾರೆ. ನಮ್ಮ ದೇವನಹಳ್ಳಿ ಚಕ್ಕೋತ ಇದೆಯಲ್ಲ, ಆ ಜಾತಿಯ ಹಣ್ಣುಗಳೂ ಇವರಿಗೆ ಬೇಡ. ಔಷಧಿಯನ್ನ ಕರಗಿಸೋ ಕಿಣ್ವವನ್ನ ಅವು ತಡೆದು ರಕ್ತದಲ್ಲಿ ಮಟ್ಟ ಏರಿಸಬಹುದು.

ಮಾತ್ರೆ ನಿಲ್ಲಿಸೋಕೇ ಆಗಲ್ವಾ? ಅಮೆರಿಕಾದಲ್ಲಿ ಪ್ರಯತ್ನಿಸಿದ್ದಾರೆ. ಅಪ್ಪ ಅಮ್ಮನಿಂದ ಲಿವರ್ ಪಡೆದು, ವರ್ಷಗಟ್ಟಲೆ ಚೆನ್ನಾಗಿದ್ದ 20 ಮಕ್ಕಳಲ್ಲಿ ನಿಧಾನವಾಗಿ ಔಷಧಿ ಇಳಿಸಿದಾಗ 12 ಮಕ್ಕಳು ಮಾತ್ರೆ ಇಲ್ಲದೆಯೇ ಚೆನ್ನಾಗಿದ್ದರು ಅಂತ 2012ರಲ್ಲಿ ಪ್ರಕಟವಾಯ್ತು. 60%! ಆಮೇಲೆ 88 ಮಕ್ಕಳ ಮೇಲೆ ದೊಡ್ಡ ಅಧ್ಯಯನ ಮಾಡಿದಾಗ ಯಶಸ್ಸು 33 ಮಕ್ಕಳಲ್ಲಿ, ಅಂದರೆ 37.5%. ಸ್ಯಾಂಪಲ್ ಚಿಕ್ಕದಿದ್ದಾಗ ಹಿಗ್ಗಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಕ್ಲಾಸಿನಲ್ಲಿ ಸಿಕ್ಕಿಲ್ಲ. ಇದೆಲ್ಲ ಡಾಕ್ಟರ್‌ಗಳ ಕಣ್ಗಾವಲಿನಲ್ಲಿ, ಆರಿಸಿದ ಮಕ್ಕಳಲ್ಲಿ ನಡೆದಿದ್ದು. ಯಾರೂ ಸ್ವಂತವಾಗಿ ಮಾತ್ರೆ ಬಿಡೋ ಹಾಗಿಲ್ಲ.

ಆದರೆ ಬಿಡ್ತಾರೆ. ಯಾವಾಗ ಗೊತ್ತಾ? ನಮ್ಮ ವಯಸ್ಸಿನಲ್ಲಿ. ಚಿಕ್ಕಂದಿನಲ್ಲಿ ಅಮ್ಮ ಬಾಯಿಗೆ ಹಾಕ್ತಿದ್ರು. ಹದಿಹರೆಯ ಬಂತು, ಹಾಸ್ಟೆಲ್‌ಗೆ ಸೇರಿದ್ರು, ರಾತ್ರಿ ಎರಡು ಗಂಟೆಗೆ ಮಲಗಿ ಬೆಳಗ್ಗೆ ಹತ್ತಕ್ಕೆ ಏಳೋದು, ಗೆಳೆಯರೆದುರು ಮಾತ್ರೆ ತೆಗೆಯೋಕೆ ಮುಜುಗರ. ಒಂದು ಡೋಸ್ ಬಿಟ್ಟರೆ ಏನೂ ಆಗಲ್ಲ ಅನ್ನಿಸುತ್ತೆ, ಯಾಕಂದರೆ ಅವತ್ತು ನಿಜವಾಗ್ಲೂ ಏನೂ ಗೊತ್ತಾಗಲ್ಲ. ಹದಿಹರೆಯದವರಲ್ಲಿ ಕಸಿ ಲಿವರ್ ವರ್ಷಗಳ ನಂತರ ಕೈಕೊಡೋಕೆ ಒಂದು ದೊಡ್ಡ ಕಾರಣ ಇದೇ ಅಂತ ವೈದ್ಯರು ಹೇಳ್ತಾರೆ. ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗೋ ಹೊತ್ತಿನಲ್ಲಿ ಹಳೆ ಡಾಕ್ಟರ್ ಕೈ ತಪ್ಪಿ, ಹೊಸಬರ ಪರಿಚಯ ಆಗದೆ ಉಳಿಯೋದೂ ಸೇರಿಕೊಳ್ಳುತ್ತೆ.

ಹೀಗೆ ಕಸಿ ಆದ ಮಕ್ಕಳು ಈಗ ನಮ್ಮ ಹಾಗೆ ಕಾಲೇಜುಗಳಲ್ಲಿದ್ದಾರೆ. ನಿಮ್ಮ ಕ್ಲಾಸಿನಲ್ಲೇ ಇರಬಹುದು. ರೂಮ್‌ಮೇಟ್ ದಿನಾ ಎಂಟು ಗಂಟೆಗೆ ಮಾತ್ರೆ ತಗೊಂಡ್ರೆ "ಏನಪ್ಪಾ ಪೇಷಂಟು" ಅಂತ ರೇಗಿಸಬೇಡಿ. ಅಲಾರಂ ಹೊಡೆದಾಗ ಒಂದು ಲೋಟ ನೀರು ಕೊಡಿ, ಸಾಕು.

ಇನ್ನು ಜಾಹೀರಾತಿನ ಮಾತು. ನಮ್ಮ ದೇಶದಲ್ಲಿ ಮಕ್ಕಳ ಕಸಿ ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲೇ ಆಗುತ್ತೆ, ಖರ್ಚು ಹಲವಾರು ಲಕ್ಷ. ಎಲ್ಲರಿಗೂ ದುಡ್ಡು ಕೊಡೋಕೆ ನಮ್ಮಿಂದ ಆಗಲ್ಲ. ಆದರೆ ನಾವು ಮಾಡಬಹುದಾದ ಎರಡು ಕೆಲಸ ಇವೆ. ನಮ್ಮ ರಾಜ್ಯದಲ್ಲಿ ಮರಣಾನಂತರ ಅಂಗದಾನದ ಕೆಲಸ ನೋಡಿಕೊಳ್ಳೋ ಸಂಸ್ಥೆ ಜೀವಸಾರ್ಥಕತೆ. ಹೆಸರು ನೋಂದಾಯಿಸಿ, ಮನೆಯಲ್ಲೂ ಹೇಳಿಡಿ. ಹಾಗೆ ಸಿಕ್ಕ ಲಿವರ್ ಅನ್ನೂ ಭಾಗ ಮಾಡಿ ಮಗುವಿಗೆ ಕೊಡಬಹುದು, ಆಗ ಒಬ್ಬ ಅಮ್ಮನಾದರೂ ಆ ಟೇಬಲ್ ಮೇಲೆ ಮಲಗೋದು ತಪ್ಪುತ್ತೆ. ಎರಡನೇದು, ಮನೆಯಲ್ಲೋ ಅಕ್ಕಪಕ್ಕದಲ್ಲೋ ಬಾಣಂತನ ನಡೀತಿದ್ರೆ, ಮಗುವಿಗೆ ಎರಡು ವಾರ ಆಯ್ತಾ ಕೇಳಿ. ಆಮೇಲೆ ಸ್ವಲ್ಪ ಮುಜುಗರ ಬಿಟ್ಟು, ಮಲದ ಬಣ್ಣ ಹೇಗಿದೆ ಅಂತ ಅಜ್ಜಿಯನ್ನ ಕೇಳಿ. ನಮ್ಮಲ್ಲೊಬ್ಬರು ಈ ಲೇಖನ ಬರೆಯೋ ಹೊತ್ತಿನಲ್ಲಿ ಊರಿಗೆ ಫೋನ್ ಮಾಡಿ ಕೇಳಿದ್ರು. "ಎಂಜಿನಿಯರಿಂಗ್‌ನಲ್ಲಿ ಇದನ್ನೂ ಹೇಳಿಕೊಡ್ತಾರೇನೋ?" ಅಂತ ಅಜ್ಜಿ ನಕ್ಕರಂತೆ. ಬಣ್ಣ ಹಳದಿಯೇ ಇತ್ತು.